ಅಪ್‌ಡೇಟ್: ಮೂರು ಕಚೇರಿಗಳ ಫೈಲ್ ಗೊಂದಲ ಬಗೆಹರಿಯಿತು

ಕಚೇರಿಯ ಫೈಲುಗಳು ಸುಲಭವಾಗಿ ಸಿಗುವಂತೆ ಹೇಗೆ ಜೋಡಿಸುವುದು ಅಂತ ಹೋದ ವಾರ ಕೇಳಿದ್ದೆ, ಅಲ್ವಾ? ನಮ್ಮ ಸಂಸ್ಥೆಯ ಮಂಗಳೂರು, ನೈರೋಬಿ, ನ್ಯೂಯಾರ್ಕ್ ಕಚೇರಿಗಳಿಗೆ ಫೈಲ್ ಇಡಲು ಒಂದೇ ಡ್ರೈವ್. ಮಲ್ಪೆಯ ಮೀನು ಮಾರುವ ಹೆಂಗಸರ ಸಮೀಕ್ಷೆ ವರದಿಗಳು ಹುಡುಕಿದರೆ ಸಿಗುತ್ತಿರಲಿಲ್ಲ.

ಫೋಲ್ಡರ್ ಜಾಸ್ತಿ ಮಾಡಿ ನೋಡಿದೆ. ಒಂದೇ ವರದಿ ನಾಲ್ಕು ಕಡೆ ಸೇರಿತು, ಅಷ್ಟೇ. ಉಡುಪಿಯ ಅಕ್ಕ ಒಬ್ಬರು ಹೇಳಿದಂತೆ ಫೈಲ್ ಹೆಸರಿನ ಮೊದಲಿಗೆ 2024-03-15 ಎಂದು ವರ್ಷ, ತಿಂಗಳು, ದಿನ ಹಾಕಿದೆವು. ಈಗ ಫೈಲುಗಳು ದಿನಾಂಕದ ಪ್ರಕಾರ ತಾನಾಗೇ ಸಾಲಾಗಿ ನಿಲ್ಲುತ್ತವೆ.

ಆದರೂ ಕನ್ನಡ ವರದಿ ಸಿಗಲಿಲ್ಲ! ಹಳೆಯವೆಲ್ಲ "ನುಡಿ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಬಗೆಯ ಆಸ್ಕಿ ಫಾಂಟಿನಲ್ಲಿದ್ದವು. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕಂಪ್ಯೂಟರಿಗೂ ಕನ್ನಡವೆಂದೇ ಗೊತ್ತಾಗುವ ಯೂನಿಕೋಡಿಗೆ ಬದಲಾಯಿಸಿದ ಮೇಲೆ "ಮಲ್ಪೆ" ಎಂದು ಹುಡುಕಿದರೆ ಸಾಕು, ಎಲ್ಲ ಬರುತ್ತದೆ. ನಮಗೆ ಅರ್ಕಾವತ್ತು ಕೆಲವೆಡೆ ಕೆಟ್ಟಿತ್ತು, ಬದಲಾಯಿಸಿದ ಮೇಲೆ ಒಮ್ಮೆ ಓದಿ ನೋಡಿ. ಅಕ್ಕನಿಗೆ ತುಂಬಾ ಥ್ಯಾಂಕ್ಸ್.