ಎಲ್ಲಾ ಕಡೆ ಆಡಬಲ್ಲ ಸೇಫ್ಟಿ: ಮುಂದೆ ತಂದರೆ ಹಿಂದೆ ತೂತು, ಎಲ್ಲಿ ನಿಲ್ಲಿಸೋದು?

ಹಿಂದಿನಸಾಲು:
ನಮಸ್ಕಾರ. ಓಹಾಯೋದ ಒಂದು ಹೈಸ್ಕೂಲ್ ಅಮೆರಿಕನ್ ಫುಟ್‌ಬಾಲ್ ತಂಡದ ಡಿಫೆನ್ಸ್‌ಗೆ ಕೋಚಿಂಗ್‌ನಲ್ಲಿ ಸಹಾಯ ಮಾಡುತ್ತೇನೆ. ನಮ್ಮ ಸೇಫ್ಟಿ (ಎಲ್ಲರಿಗಿಂತ ಹಿಂದೆ ನಿಂತು ಕಾಯುವವನು) ಹುಡುಗ ಜೋರಾಗಿ ಓಡುತ್ತಾನೆ, ಚೆನ್ನಾಗಿ ಟ್ಯಾಕಲ್ ಮಾಡುತ್ತಾನೆ, ಟೈಟ್ ಎಂಡ್‌ನನ್ನೂ (ಅಡ್ಡ ನಿಲ್ಲುವ, ಪಾಸ್ ಕೂಡ ಹಿಡಿಯುವ ದೊಡ್ಡ ಆಟಗಾರ) ಕವರ್ ಮಾಡುತ್ತಾನೆ. ಆದರೆ ಒಳಗಿನ ಲೈನ್‌ಬ್ಯಾಕರ್ (ಡಿಫೆನ್ಸ್‌ನ ಮುಂದಿನ ಸಾಲಿನ ಹಿಂದೆಯೇ ನಿಲ್ಲುವವನು) ಜಾಗದಲ್ಲಿ ನಿಲ್ಲಿಸಿದರೆ ಎದುರಾಳಿ ಲೈನ್‌ನ ದಾಂಡಿಗರಾದ ಗಾರ್ಡ್‌ಗಳು ತಳ್ಳಿಕೊಂಡು ಹೋಗುತ್ತಾರೆ. ಬ್ಲಿಟ್ಜ್‌ಗೆ, ಅಂದರೆ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಲು ಕಳಿಸಿದರೆ ಅವನು ಬಿಟ್ಟ ಜಾಗಕ್ಕೇ ಪಾಸ್ ಬೀಳುತ್ತದೆ. ಹಿಂದೆ ನಿಲ್ಲಿಸಿದರೆ ಇದ್ದೂ ಇಲ್ಲದ ಹಾಗೆ. ಸ್ನ್ಯಾಪ್ (ಚೆಂಡು ಆಟಕ್ಕೆ ಬರುವ ಕ್ಷಣ) ಆಗೋವರೆಗೂ ಸೈಡ್‌ಲೈನ್ ಕಡೆಗೇ ನೋಡುತ್ತಿರುತ್ತಾನೆ.

ಮೂರನೇಡೌನ್:
ಎದುರಾಳಿ ಮೂವರು ರಿಸೀವರ್‌ಗಳನ್ನು ಇಳಿಸಿದಾಗ ನೀವು ಐದನೇ ಡಿಫೆನ್ಸಿವ್ ಬ್ಯಾಕ್‌ನನ್ನು (ಪಾಸ್ ತಡೆಯುವ ಹಿಂದಿನ ಆಟಗಾರ) ತರುತ್ತೀರಾ? ಇವನು ಬ್ಲಿಟ್ಜ್ ಹೋದರೆ ಇವನ ರಿಸೀವರ್ ಯಾರ ಪಾಲಿಗೆ?

ಹಿಂದಿನಸಾಲು:
ಇಲ್ಲ, ಯಾವಾಗಲೂ 4-3 (ಮುಂದೆ ನಾಲ್ವರು ಲೈನ್‌ಮನ್, ಹಿಂದೆ ಮೂವರು ಲೈನ್‌ಬ್ಯಾಕರ್). ಎರಡನೆಯದು ಖಚಿತವಾಗಿ ಯಾರದ್ದೂ ಅಲ್ಲ, ಹತ್ತಿರ ಇದ್ದವರು ಓಡುತ್ತಾರೆ.

ಮೂರನೇಡೌನ್:
ತೊಂದರೆ ಅಲ್ಲೇ ಇದೆ. ಹುಡುಗನಲ್ಲಿ ಅಲ್ಲ.

ಮೊದಲು ಅವನಿಗೊಂದು ಖಾಯಂ ಜಾಗ ಕೊಡಿ. ಹೊರಗಿನ ಒಬ್ಬ ಲೈನ್‌ಬ್ಯಾಕರ್‌ನನ್ನು ತೆಗೆದು ಮೂರನೇ ಸೇಫ್ಟಿಯನ್ನು ಇಳಿಸಿ. ಇದೇ ಬಿಗ್ ನಿಕಲ್. ನಿಮ್ಮ ಹುಡುಗ ಎದುರಾಳಿ ಲೈನ್‌ನ ತುದಿಯ ಆಟಗಾರ (ಅವನ ಜಾಗದ ಹೆಸರೂ ಟ್ಯಾಕಲ್) ಮತ್ತು ಸ್ಲಾಟ್ ರಿಸೀವರ್ (ಒಳಬದಿಯಲ್ಲಿ ನಿಲ್ಲುವ ರಿಸೀವರ್) ನಡುವೆ, ಐದಾರು ಗಜ ಹಿಂದೆ ನಿಲ್ಲಲಿ. ಅಲ್ಲಿ ಅವನನ್ನು ತಡೆಯಲು ಬರೋದು ಹೆಚ್ಚಾಗಿ ರಿಸೀವರ್ ಅಥವಾ ಟೈಟ್ ಎಂಡ್, ಗಾರ್ಡ್ ಅಲ್ಲ.

ಯಾವ ಬದಿಗೆ? ಅಗಲ ಇರುವ ಬದಿಗೆ. ಹೈಸ್ಕೂಲ್ ಮೈದಾನದಲ್ಲಿ ಹ್ಯಾಶ್ ಗುರುತುಗಳು (ಪ್ರತಿ ಆಟ ಶುರುವಾಗುವಾಗ ಚೆಂಡು ಇವುಗಳ ಮೇಲೆ ಅಥವಾ ನಡುವೆ ಇರುತ್ತದೆ) 160 ಅಡಿ ಅಗಲವನ್ನು ಮೂರು ಸಮಪಾಲು ಮಾಡುತ್ತವೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಎರಡು ಹ್ಯಾಶ್ ನಡುವೆ ಬರೀ ಹದಿನೆಂಟೂವರೆ ಅಡಿ. ಚೆಂಡು ಹ್ಯಾಶ್ ಮೇಲಿದ್ದರೆ ನಿಮ್ಮಲ್ಲಿ ಒಂದು ಬದಿ ಇನ್ನೊಂದರ ಎರಡರಷ್ಟು ಅಗಲ. ಟೀವಿಯಲ್ಲಿ ಕಂಡದ್ದನ್ನು ಹಾಗೇ ಎತ್ತಿಕೊಂಡು ಬರಬೇಡಿ.

ಸದ್ಯಕ್ಕೆ ಮೂರೇ ಕೆಲಸ ಸಾಕು: ಝೋನ್‌ನಲ್ಲಿ (ಜಾಗ ಕಾಯುವಾಗ) ಫ್ಲಾಟ್, ಅಂದರೆ ಸೈಡ್‌ಲೈನ್ ಕಡೆಯ ಹತ್ತಿರದ ಜಾಗ, ಮ್ಯಾನ್‌ನಲ್ಲಿ (ಒಬ್ಬನನ್ನೇ ಹಿಂಬಾಲಿಸುವಾಗ) ಸ್ಲಾಟ್ ಅಥವಾ ಟೈಟ್ ಎಂಡ್, ಮತ್ತೆ ಅಂಚಿನಿಂದ ಬ್ಲಿಟ್ಜ್. ಮೂರಕ್ಕೂ ನಿಲುವು ಒಂದೇ ಇರಲಿ, ಕ್ವಾರ್ಟರ್‌ಬ್ಯಾಕ್‌ಗೆ ಸುಳಿವು ಸಿಗಬಾರದು. ಅವನು ಬ್ಲಿಟ್ಜ್ ಹೋದರೆ ಆ ಬದಿಯ ಸೇಫ್ಟಿ ಸ್ಲಾಟ್ ಮೇಲೆ ಇಳಿಯಬೇಕು, ಇನ್ನೊಬ್ಬ ನಡುವಿಗೆ ಸರಿಯಬೇಕು. ಈ ಮೂವರನ್ನೂ ಒಟ್ಟಿಗೇ ಅಭ್ಯಾಸ ಮಾಡಿಸಿ.

ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್ 2023ರಲ್ಲಿ ತನ್ನ ಸೇಫ್ಟಿ ಕೈಲ್ ಹ್ಯಾಮಿಲ್ಟನ್‌ನನ್ನು ಸ್ಲಾಟ್ ಹತ್ತಿರ ಜಾಸ್ತಿ ಆಡಿಸಿತು. ಕೋಲ್ಟ್ಸ್ ವಿರುದ್ಧ ಮೊದಲರ್ಧದಲ್ಲೇ ಮೂರು ಸ್ಯಾಕ್ (ಪಾಸ್ ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು). (ಪಂದ್ಯ ಸೋತರು, ಅದು ಬೇರೆ ಮಾತು.) ಐಸಾಯಾ ಸಿಮನ್ಸ್ ಕಥೆ ಉಲ್ಟಾ. 2020ರ ಡ್ರಾಫ್ಟ್‌ನಲ್ಲಿ (ತಂಡಗಳು ಸುತ್ತು ಸುತ್ತಾಗಿ ಹೊಸ ಆಟಗಾರರನ್ನು ಆರಿಸುವುದು) ಎಂಟನೆಯವನಾಗಿ ಅರಿಝೋನಾಗೆ ಹೋದ. ಲೈನ್‌ಬ್ಯಾಕರ್, ಸ್ಲಾಟ್, ಸೇಫ್ಟಿ ಅಂತ ಅಲೆದ. 2023ರಲ್ಲಿ ಬರೀ ಏಳನೇ ಸುತ್ತಿನ ಪಿಕ್‌ಗೆ ಜೈಂಟ್ಸ್‌ಗೆ ಕೊಟ್ಟುಬಿಟ್ಟರು. ಪ್ರತಿಭೆಗೆ ಕೊರತೆ ಇತ್ತು ಅಂತ ನನಗೆ ಅನಿಸಲ್ಲ.

ಗೋಲ್‌ಲೈನ್:
ಅರ್ಧ ಒಪ್ಪುತ್ತೇನೆ. 2024ರಲ್ಲಿ ಅದೇ ರೇವನ್ಸ್ ಉದ್ದ ಪಾಸ್‌ಗಳಿಗೆ ಸಿಕ್ಕಾಪಟ್ಟೆ ಹೊಡೆತ ತಿಂದಿತು. ಸೀಸನ್ ಮಧ್ಯೆ ಹ್ಯಾಮಿಲ್ಟನ್‌ನನ್ನು ಹಿಂದಕ್ಕೆ ಕಳಿಸಿದ ಮೇಲೇ ಸರಿಹೋಗಿದ್ದು. ಮೂರನೇ ಸೇಫ್ಟಿ ಸಾಧಾರಣ ಆಟಗಾರ ಆದರೆ?

ಮೂರನೇಡೌನ್:
ಆಗ ನಾನೂ ಈ ಹುಡುಗನನ್ನು ಹಿಂದಕ್ಕೇ ಕಳಿಸುತ್ತೇನೆ. ಅವನನ್ನು ಮುಂದೆ ತರುವ ಮುಂಚೆ ಹಿಂದೆ ಯಾರು ಅಂತ ನೋಡಿ. ಉದ್ದ ಪಾಸ್‌ಗೆ ಆರು ಅಂಕ ಹೋಗುತ್ತದೆ, ಓಟಕ್ಕೆ ನಾಲ್ಕು ಗಜ ಹೋದರೆ ತಡೆದುಕೊಳ್ಳಬಹುದು.

ಹಿಂದಿನಸಾಲು:
ಮಾಡಿ ನೋಡಿದೆವು. ಈಗ ಸೈಡ್‌ಲೈನ್ ನೋಡಲ್ಲ, ತಾನೇ ಉಳಿದವರಿಗೆ ಕೂಗಿ ಹೇಳುತ್ತಾನೆ. ಬ್ಲಿಟ್ಜ್ ಹಿಂದಿನ ತೂತೂ ಮುಚ್ಚಿದೆ. ಆದರೆ ಸ್ಲಾಟ್ ರಿಸೀವರ್‌ನನ್ನು ಮೋಷನ್‌ನಲ್ಲಿ (ಸ್ನ್ಯಾಪ್‌ಗೆ ಮುಂಚೆಯೇ) ಕಿರಿದಾದ ಬದಿಗೆ ಓಡಿಸಿದರೆ ಇವನೂ ಹಿಂದೆಯೇ ಓಡುತ್ತಾನೆ, ಅಗಲದ ಬದಿ ಖಾಲಿ.

ಮೂರನೇಡೌನ್:
ಮ್ಯಾನ್ ಇದ್ದರೆ ಓಡಲಿ. ಝೋನ್ ಇದ್ದರೆ ಕದಲಬಾರದು, ಕಿರಿದಾದ ಬದಿಯ ಲೈನ್‌ಬ್ಯಾಕರ್ ಒಂದು ಹೆಜ್ಜೆ ಹೊರಗೆ ಸರಿದು ಆ ರಿಸೀವರ್‌ನನ್ನು ತೆಗೆದುಕೊಳ್ಳಲಿ. ಆದರೆ ಹುಷಾರು, ಝೋನ್‌ನಲ್ಲಿ ಯಾವಾಗಲೂ ನಿಂತೇ ಇದ್ದರೆ ಎದುರಾಳಿಗೆ ಮೋಷನ್‌ನಿಂದಲೇ ನಿಮ್ಮ ಕವರೇಜ್ ಗೊತ್ತಾಗುತ್ತದೆ. ಅಪರೂಪಕ್ಕೊಮ್ಮೆ ಝೋನ್‌ನಲ್ಲೂ ಅವನನ್ನು ಓಡಿಸಿ, ಆಗ ಅಗಲದ ಬದಿಗೆ ಸೇಫ್ಟಿ ಇಳಿಯಲಿ.