ಓದುಗರ ಸ್ಪಂದನ: ರಾತ್ರಿಯೆಲ್ಲ ತಿರುಗುವ ಫ್ಯಾನು

ಹೋದ ಸಂಚಿಕೆಯಲ್ಲಿ ಗದಗ ಜಿಲ್ಲೆಯ ಸೋದರಿಯೊಬ್ಬರು ಬರೆದಿದ್ದರು. ಮಾವನವರು ಮನೆ ಹಿಂದಿನ ಹೊಲವನ್ನು ಕರೆಂಟು ತಯಾರಿಸುವ ಗಾಳಿಯಂತ್ರಕ್ಕೆ, ಊರವರ ಬಾಯಲ್ಲಿ ಫ್ಯಾನಿಗೆ, ಲೀಸಿಗೆ ಕೊಟ್ಟಿದ್ದಾರೆ. ಆಷಾಢದ ಗಾಳಿಗೆ ರಾತ್ರಿಯಿಡೀ ಗುಂಯ್ ಅನ್ನುವ ಸದ್ದು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಗೋಡೆ ಮೇಲೆ ರೆಕ್ಕೆಯ ನೆರಳು ಹಾದು ಹಾದು ಹೋಗುತ್ತದೆ. ‘ಮನೆ ಬಿಟ್ಟು ಪೇಟೆಗೆ ಹೋಗೋಣ ಅಂದರೆ ನಾನೇ ಹಟಮಾರಿ ಅಂತಾರೆ. ಏನು ಮಾಡಲಿ?’ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗೀ, ನಿನ್ನ ಪತ್ರ ಓದಿ ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ನನ್ನ ತವರು ಚಿತ್ರದುರ್ಗದ ಕಡೆ. ನಮ್ಮ ಹೊಲದ ಅಂಚಿಗೂ ಫ್ಯಾನು ಬಂತು. ಅದಕ್ಕಿಂತ ಮೊದಲು ರಸ್ತೆ ಬಂತು. ಅಷ್ಟುದ್ದದ ರೆಕ್ಕೆ ಹೊತ್ತ ಲಾರಿ ತಿರುಗಬೇಕಲ್ಲ, ಮೂಲೆಯ ಹುಣಸೆಮರ ಹೋಯಿತು. ರಸ್ತೆಗೆ ಮಣ್ಣು ಏರಿಸಿದ್ದರಿಂದ ಮಳೆನೀರು ಹಳ್ಳಕ್ಕೆ ಹೋಗದೆ ಶೇಂಗಾದಲ್ಲೇ ನಿಂತಿತು. ಪಹಣಿ ದೊಡ್ಡಣ್ಣನ ಹೆಸರಲ್ಲಿತ್ತು, ದುಡ್ಡೂ ಅವನಿಗೇ. ಚಿಕ್ಕಣ್ಣ ಮಾತು ಬಿಟ್ಟ. ಅವ್ವ ಮಾತ್ರ ‘ಎದೆಯೊಳಗೆ ಏನೋ ಗುಯ್ಗುಡ್ತದೆ’ ಅನ್ನುತ್ತಿದ್ದಳು. ಡಾಕ್ಟರು ಕಿವಿ ನೋಡಿ ಏನೂ ಇಲ್ಲ ಅಂದರು. ಅಲ್ಲಿಂದ ಅವಳ ಮಾತಿಗೆ ಬೆಲೆಯೇ ಇಲ್ಲ. ನಾನು ಮದುವೆಯಾಗಿ ದೂರ ಇದ್ದೆ. ಕೊನೆಗೆ ಅವಳು ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದಳಂತೆ, ಅಲ್ಲಿ ದನ ಮೆಲುಕು ಹಾಕುವ ಸದ್ದಾದರೂ ಕೇಳಲಿ ಅಂತ. ಅವ್ವ ಈಗಿಲ್ಲ. ಅಣ್ಣಂದಿರು ಇವತ್ತಿಗೂ ಒಂದೇ ಪಂಕ್ತಿಯಲ್ಲಿ ಕೂರುವುದಿಲ್ಲ. ನಿನಗೆ ಸದ್ದು ಕೇಳುತ್ತಿದೆ ಅಂದರೆ ಕೇಳುತ್ತಿದೆ, ಅಷ್ಟೇ.
- ಓದುಗಿ, ದಾವಣಗೆರೆ

ಕರೆಂಟು ಬೇಕು, ಬಾಡಿಗೆ ಬೇಕು, ಸದ್ದು ಮಾತ್ರ ಬೇಡ. ಕರೆಂಟಿಗಾಗಿ ಸುಡುವ ಕಲ್ಲಿದ್ದಲಿನ ಬೂದಿ ನುಂಗುವ ನಮ್ಮೂರಿಗೆ ಬಂದು ನೋಡಿ.
- ಓದುಗ, ಶಕ್ತಿನಗರ

ಬೂದಿಯ ಕಷ್ಟ ಸಣ್ಣದಲ್ಲ. ಆದರೆ ಲೀಸಿಗೆ ಸಹಿ ಹಾಕಿದ್ದು ಈ ಸೋದರಿಯಲ್ಲ. ಮುಂದಿನ ಪತ್ರ ಕೇಳಿದ ಪ್ರಶ್ನೆಗೆ ಉತ್ತರವಲ್ಲ, ಆದರೂ ಬಿಡಲು ಮನಸ್ಸಾಗಲಿಲ್ಲ.

ಮನುಷ್ಯರಾದರೆ ಪತ್ರ ಬರೆಯುತ್ತೇವೆ. ಹಕ್ಕಿಗಳು? ಸಾತಾರಾದ ಚಾಳಕೇವಾಡಿ ಬಯಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಗಾಳಿಯಂತ್ರ ಇರುವ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಮ್ಮಿ, ಅವು ಹಿಡಿಯುತ್ತಿದ್ದ ಓತಿಗಳು ಜಾಸ್ತಿ. ಅಂದರೆ ಇಡೀ ಗುಡ್ಡದ ಊಟದ ಲೆಕ್ಕವೇ ಬದಲಾಗಿದೆ. 2019ರಲ್ಲಿ ವನ್ಯಜೀವಿಧಾಮವಾದ ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲೂ ಯಂತ್ರಗಳಿವೆ. ಅಲ್ಲೂ ಯಾರಾದರೂ ಹೀಗೆ ಕೂತು ಎಣಿಸಬೇಕು.
- ಹಕ್ಕಿ ನೋಡುವ ಮೇಷ್ಟ್ರು, ಮುಂಡರಗಿ

ಕೊನೆಯ ಪತ್ರವನ್ನು ಸೋದರಿ ತಮ್ಮ ಮಾವನವರಿಗೂ ಓದಿ ಹೇಳಲಿ ಎಂದು ಬಯಸುತ್ತೇವೆ.

ಮೇಡಂ, ಮನೆ ಬಿಡಬೇಡಿ, ಮೊದಲು ಅರ್ಜಿ ಕೊಡಿ. 2000ದ ಶಬ್ದ ನಿಯಮದ ಪ್ರಕಾರ ಜನವಸತಿಯಲ್ಲಿ ರಾತ್ರಿ ಹೊತ್ತು 45 ಡೆಸಿಬಲ್ ಮಿತಿ. ಪರಿಸರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ರಾತ್ರಿಯೇ ಬಂದು ಅಳೆಯಿರಿ ಅನ್ನಿ. ಹಗಲು ಅಳೆದರೆ ಸುಮ್ನೆ ಕಾಗದ. ಯಾವ ಯೋಜನೆಗಳಿಗೆ ಮೊದಲೇ ಪರಿಸರ ಅನುಮತಿ ಬೇಕು ಅಂತ ಹೇಳುವ 2006ರ ಅಧಿಸೂಚನೆಯ ಪಟ್ಟಿಯಲ್ಲೇ ಗಾಳಿ ಯೋಜನೆಗಳು ಇಲ್ಲ. ಹಾಗಾಗಿ ಯಂತ್ರ ನೆಡುವ ಮೊದಲು ನಿಮ್ಮನ್ನು ಯಾರೂ ಕೇಳಲಿಲ್ಲ. ನೆರಳು ಬೀಳುವ ಹೊತ್ತಿಗೆ ಯಂತ್ರ ತಾನೇ ನಿಲ್ಲುವಂತೆ, ರಾತ್ರಿ ನಿಧಾನವಾಗಿ ತಿರುಗುವಂತೆ ಹೊಂದಿಸಲು ಬರುತ್ತದೆ. ಕಂಪನಿಯವರು ತಾವಾಗಿ ಹೇಳುವುದಿಲ್ಲ. ಲೀಸಿನ ಪ್ರತಿ ತೆಗೆಸಿ. ದೂರು ಬಂದರೆ ಏನು ಮಾಡಬೇಕು ಅಂತ ಅದರಲ್ಲಿ ಬರೆದಿದೆಯಾ ನೋಡಿ. ಅರ್ಜಿಗೆ ಅಕ್ಕಪಕ್ಕದ ಮನೆಯವರ ಸಹಿಯೂ ಇರಲಿ, ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.
- ನಿವೃತ್ತ ಲೈನ್‌ಮನ್, ಹರಪನಹಳ್ಳಿ