ಡಿಶ್‌ವಾಶರ್ ನೀರು ಬಿಸಿ ಮಾಡ್ತಿಲ್ಲ, ಎರರ್ ಕೋಡೂ ಇಲ್ಲ, ಟೆಂಪರೇಚರ್ ಸೆನ್ಸರ್ ಇರಬಹುದಾ?

ಯಲಹಂಕದವಳು:
ಎಲ್ರಿಗೂ ನಮಸ್ಕಾರ. ಡಿಶ್‌ವಾಶರ್ ತಗೊಂಡು ಐದು ವರ್ಷ ಆಯ್ತು, ಇಷ್ಟು ದಿನ ಏನೂ ತೊಂದ್ರೆ ಇರ್ಲಿಲ್ಲ. ಹದಿನೈದು ದಿನದಿಂದ ಜಿಡ್ಡು ಹೋಗ್ತಾನೇ ಇಲ್ಲ. ಬಾಣಲೆ ಬಿಡಿ, ಮಜ್ಜಿಗೆ ಕುಡಿದ ಲೋಟಾನೂ ಬೆರಳಿಟ್ರೆ ಜಾರತ್ತೆ, ಮಗನ ಟಿಫಿನ್ ಬಾಕ್ಸ್ ಮುಚ್ಚಳದ ಸಂದೀಲಿ ಅರಿಶಿನದ ಎಣ್ಣೆ ಹಾಗೇ ಕೂತಿರತ್ತೆ. ಸೋಪಿನ ಟ್ಯಾಬ್ಲೆಟ್ ಅರ್ಧಂಬರ್ಧ ಕರಗಿ ನೆನೆದ ಸೀಮೆಸುಣ್ಣದ ಥರ ಅದರ ಗೂಡಲ್ಲೇ ಅಂಟ್ಕೊಂಡಿರತ್ತೆ. 70 ಡಿಗ್ರಿ ಪ್ರೋಗ್ರಾಮ್ ಹಾಕಿ, ಮುಗಿದ ತಕ್ಷಣ ಬಾಗಿಲು ತೆಗೆದ್ರೂ ಹಬೆ ಬರಲ್ಲ, ಸ್ಟೀಲ್ ತಟ್ಟೆ ತಣ್ಣಗಿರತ್ತೆ. ಇನ್ನೊಂದು, ಮೊದಲು ಎರಡೂಕಾಲು ಗಂಟೆ ತಗೊಳ್ತಿದ್ದಿದ್ದು ಈಗ ಒಂದೂಮುಕ್ಕಾಲು ಗಂಟೆಗೇ ಮುಗಿದೋಗತ್ತೆ. ಸರ್ವೀಸ್‌ನವ್ರು ಬಂದು ಹತ್ತು ನಿಮಿಷ ಓಡಿಸಿ ನೋಡಿ, ಮಷೀನ್ ನಡೆಸೋ ಕಂಟ್ರೋಲ್ ಬೋರ್ಡ್ ಹೋಗಿದೆ ಮೇಡಂ, 14 ಸಾವಿರ ಆಗತ್ತೆ ಅಂದ್ರು, ಮೀಟರ್ ಬ್ಯಾಗಿಂದ ಹೊರಗೇ ತೆಗೀಲಿಲ್ಲ. ನನಗೆ ಅದು ಸಮಾಧಾನ ಆಗ್ತಿಲ್ಲ. ನಮ್ಮೆಜಮಾನ್ರ ಹತ್ರ ಮಲ್ಟಿಮೀಟರ್ ಇದೆ, ಬಳಸೋಕೂ ಬರತ್ತೆ. ಬೋರ್ಡಿಗೆ ದುಡ್ಡು ಕೊಡೋ ಮುಂಚೆ ಏನೇನು ನೋಡ್ಬಹುದು ಹೇಳ್ತೀರಾ?

ಮೈಸೂರು_ಅಡುಗೆಮನೆ:
ಬೋರ್‌ವೆಲ್ ನೀರಾ ನಿಮ್ದು? ನಮ್ಮನೇಲೂ ಹೀಗೇ ಪಾತ್ರೆ ಸರಿಯಾಗಿ ತೊಳೀತಿರ್ಲಿಲ್ಲ, ಆಮೇಲೆ ನೋಡಿದ್ರೆ ಗಡಸು ನೀರು ಮೆದು ಮಾಡೋಕೆ ಮಷೀನಿಗೆ ಹಾಕೋ ಉಪ್ಪು ಖಾಲಿಯಾಗಿ ಎರಡು ತಿಂಗಳಾಗಿತ್ತು, ಒಳಗೆಲ್ಲ ಬಿಳೀ ಸುಣ್ಣ ಕಟ್ಟಿತ್ತು. ಫಿಲ್ಟರ್ ತೊಳೆದು, ನಿಂಬೆ ಉಪ್ಪು ಹಾಕಿ ಖಾಲಿ ಮಷೀನ್ ಬಿಸಿ ನೀರಲ್ಲಿ ಒಂದು ಸಲ ಓಡಿಸಿದ್ಮೇಲೆ ಸರಿಹೋಯ್ತು. ಮೊದಲು ಅದು ಮಾಡಿ ನೋಡಿ, ಖರ್ಚಿಲ್ಲ.

ಹುಬ್ಬಳ್ಳಿ_ರಿಪೇರಿ:
ಮೈಸೂರಿನವ್ರು ಹೇಳಿದ್ದು ಮಾಡ್ರಿ, ಆದ್ರ ಇದು ಸುಣ್ಣದ ಕೇಸ್ ಅಲ್ರಿ. ಸುಣ್ಣ ಕಟ್ಟಿದ್ರ ಇಲ್ಲಾ ಹೀಟರ್ ಸುಟ್ಟಿದ್ರ ನೀರು ಕಾಯಾಕ ತಡ ಆಗತೈತಿ, ಟೈಮ್ ಜಾಸ್ತಿ ಹಿಡೀತೈತಿ, ಕಡೀಕ ಎರರ್ ತೋರಸ್ತೈತಿ. ನಿಮ್ದು ಲಗೂನ ಮುಗೀತೈತಿ ಅಂದ್ರಲ್ಲ, ಅದರಾಗ ಅರ್ಧ ಉತ್ತರ ಐತಿ. ನೀರು ಕಾದೈತಿ ಅಂತ ಬೋರ್ಡಿಗೆ ಸುಳ್ಳು ಸುದ್ದಿ ಹೋಗಾಕತ್ತೈತಿ, ಅದಕ್ಕ ಅದು ಹೀಟರ್ ಬಂದ್ ಮಾಡಿ ಮುಂದ ಹೋಗತೈತಿ.

ಒಳಗಿರೋ ಸೆನ್ಸರ್‌ಗೆ ಎನ್‌ಟಿಸಿ ಅಂತೀವ್ರಿ. ಬಿಸಿ ಏರಿದಂಗ ರೆಸಿಸ್ಟೆನ್ಸ್ ಇಳೀತೈತಿ. ಭಾಳಷ್ಟು ಮಷೀನ್‌ದಾಗ 25 ಡಿಗ್ರಿಗೆ 10 ಕಿಲೋ ಓಮ್, 60 ಡಿಗ್ರಿಗೆ ಎರಡೂವರೆ ಕಿಲೋ ಓಮ್ ಆಜೂಬಾಜು ಇರತೈತಿ, ಎಲ್ಲಾ ಕಂಪನಿದೂ ಇದ ಲೆಕ್ಕ ಅಲ್ಲ, ನಿಮ್ಮ ಮಾಡೆಲ್ ಚಾರ್ಟ್ ಒಮ್ಮೆ ನೋಡ್ಕೋರಿ. ತಣ್ಣೀರಾಗ ಇದ್ದಾಗನ 2 ಕಿಲೋ ಓಮ್ ತೋರ್ಸಿದ್ರ ಬೋರ್ಡ್ ಪಾಪ ಏನ್ ಮಾಡತೈತಿ, 60 ದಾಟೈತಿ ಅಂತ ತಿಳ್ಕೋತೈತಿ.

ಪ್ಲಗ್ ಕಿತ್ತು, ನಲ್ಲಿ ಬಂದ್ ಮಾಡಿ, ಒಳಗಿನ ನೀರು ಸ್ಪಂಜಿನಿಂದ ತೆಗದು, ಆಮ್ಯಾಲ ಕೆಳಗಿನ ಪಟ್ಟಿ ಬಿಚ್ಚಸ್ರಿ. ಕೆಲವು ಮಷೀನ್‌ದಾಗ ಸೆನ್ಸರ್ ಹೀಟರ್ ಜೋಡೀನ ಬರತೈತಿ, ಕೆಲವುದರಾಗ ಸಂಪ್‌ಗೆ, ಅಂದ್ರ ಮಷೀನ್ ತಳದಾಗ ನೀರು ನಿಲ್ಲೋ ಗುಂಡಿಗೆ, ರಬ್ಬರ್ ಹಾಕಿ ಬ್ಯಾರೇನ ಸಿಗಸಿರ್ತಾರ. ಎರಡು ಕಡೆ ಅಳೀಬೇಕ್ರಿ. ಒಂದು, ಬೋರ್ಡ್ ಹತ್ರ ಕನೆಕ್ಟರ್ ಕಿತ್ತು ವೈರಿನ ತುದಿಗೆ. ಇನ್ನೊಂದು, ಸೆನ್ಸರ್ ಹತ್ರ ಕನೆಕ್ಟರ್ ಕಿತ್ತು ಸೆನ್ಸರಿನ ಪಿನ್ನಿಗೇ. ಎರಡೂ ಒಂದ ತೋರ್ಸಿದ್ರ ಸೆನ್ಸರ್ ಬಗ್ಗೆ ಯೋಚ್ನೆ ಮಾಡ್ರಿ, ಬ್ಯಾರೆ ಬ್ಯಾರೆ ತೋರ್ಸಿದ್ರ ನಡುವಿನ ವೈರ್ ಇಲ್ಲಾ ಕನೆಕ್ಟರ್. ಇಲಿ ಕಡದಿದ್ದೂ ನೋಡೀನಿ. ಹಂಗ ಹೀಟರ್‌ಗೂ ಮೀಟರ್ ಹಿಡೀರಿ, 2000 ವ್ಯಾಟ್ ಇದ್ರ 26 ಓಮ್ ಹತ್ರ ಬರಬೇಕು.

ಸರ್ಕ್ಯೂಟ್_ಪ್ರೇಮಿ:
ಇನ್ನೊಂದು ಸುಲಭದ ದಾರಿ ಇದೆ, ಎಸ್‌ಪಿ ರೋಡಲ್ಲಿ 10 ಕಿಲೋ ಓಮ್ ರೆಸಿಸ್ಟರ್ ತಗೊಂಡು ಸೆನ್ಸರ್ ಬದಲು ಅದನ್ನೇ ಸಿಗಿಸಿ ಓಡಿಸಿ, ನೀರು ಬಿಸಿಯಾದ್ರೆ ಬೋರ್ಡು ಹೀಟರು ಎರಡೂ ಚೆನ್ನಾಗಿದೆ ಅಂತ ಗೊತ್ತಾಗತ್ತೆ.

ಹುಬ್ಬಳ್ಳಿ_ರಿಪೇರಿ:
ಅಣ್ಣಾ, ಮನ್ಯಾಗ ಹಂಗ ಮಾಡಾಕ ಹೇಳಬ್ಯಾಡ್ರಿ. ರೆಸಿಸ್ಟರ್ ಹಾಕಿದ್ರ ಬೋರ್ಡಿಗೆ ನೀರು ಯಾವಾಗ್ಲೂ 25 ಡಿಗ್ರಿ ಕಾಣತೈತಿ, ಹೀಟರ್ ಬಂದ್ ಆಗೂದಿಲ್ಲ, ಆಮ್ಯಾಲ ಬಿಸಿ ಮಿತಿ ಮೀರಿದ್ರ ಕರೆಂಟ್ ಕಡಿಯೋ ಸೇಫ್ಟಿ ಕಟೌಟ್ ಒಂದ ಕೈ ಹಿಡೀಬೇಕು. ಅದೂ ಕೆಟ್ಟಿದ್ರ? ಮನ್ಯಾಗ ಸಣ್ಣ ಹುಡುಗ ಅದಾನ. ಮೀಟರ್ ಇದ್ದಾಗ ಈ ಸಾಹಸ ಯಾಕ.

ಸರ್ಕ್ಯೂಟ್_ಪ್ರೇಮಿ:
ಸರಿ ಸರ್, ಅದು ನಂಗೆ ಹೊಳೀಲಿಲ್ಲ. ಮೇಡಂ, ನಾನು ಹೇಳಿದ್ದು ಮಾಡ್ಬೇಡಿ.

ಯಲಹಂಕದವಳು:
ಇವತ್ತು ಭಾನುವಾರ ಅಂತ ಇಬ್ರೂ ಕೂತು ಬಿಚ್ಚಿದ್ವಿ. ಹೀಟರ್ 27 ಓಮ್. ಬೋರ್ಡ್ ಕಡೆಯಿಂದ ಸೆನ್ಸರ್ ಅಳತೆ 2.1 ಕಿಲೋ ಓಮ್, ಎದೆ ಧಸಕ್ ಅಂತು, ಸೆನ್ಸರ್ ಹೋಗಿದೆ ಅನ್ಕೊಂಡ್ವಿ. ಆದ್ರೆ ಸೆನ್ಸರ್ ಪಿನ್ನಿಗೇ ಹಿಡಿದ್ರೆ 9.4! ಒಂದು ಲೋಟ ಬಿಸಿನೀರಿಗೆ ಇಳಿಬಿಟ್ರೆ ನಿಧಾನಕ್ಕೆ ಇಳೀತಾ ಬಂತು, ಸಕ್ಕರೆ ಪಾಕಕ್ಕೆ ಇಟ್ಕೊಂಡಿರೋ ಥರ್ಮಾಮೀಟರ್ 60 ತೋರಿಸಿದಾಗ ಸರಿಯಾಗಿ 2.5. ಆಮೇಲೆ ಕನೆಕ್ಟರ್ ತಿರುಗಿಸಿ ಟಾರ್ಚ್ ಬಿಟ್ಟು ನೋಡಿದ್ರೆ ಎರಡು ಪಿನ್ ಮಧ್ಯೆ ಹಸಿರು ಹಸಿರಾಗಿ ಕಿಲುಬು, ಒಳಗೆ ಒಂದು ಹನಿ ನೀರು ಇನ್ನೂ ನಿಂತಿತ್ತು. ಫೋಟೋ ಹಾಕಿದೀನಿ ನೋಡಿ.

ಹುಬ್ಬಳ್ಳಿ_ರಿಪೇರಿ:
ಸಿಕ್ತಲ್ರಿ ಕಳ್ಳ. ಪಿನ್ ನಡುವ ಕಿಲುಬು, ಪೌಡರ್ ನೀರು ಸೇರಿ ಕರೆಂಟಿಗೆ ಅಡ್ಡದಾರಿ ಆಗೈತಿ, ಸೆನ್ಸರ್ 9.4 ಅಂದ್ರೂ ಬೋರ್ಡಿಗೆ 2.1 ಮುಟ್ಟತೈತಿ. ಹಳೇ ಬ್ರಷ್, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ತಿಕ್ಕಿ ಪೂರ್ತಿ ಒಣಗಸ್ರಿ. ಪಿನ್ ತಿಂದಿದ್ರ ಕನೆಕ್ಟರ್ ಹೊಸದು ಹಾಕಸ್ರಿ. ಆದ್ರ ಅಷ್ಟಕ್ಕ ಬಿಟ್ರ ತಿಂಗಳದಾಗ ಮತ್ತ ಬರತೈತಿ, ನೀರು ಎಲ್ಲಿಂದ ಬಂತು ಹುಡುಕ್ರಿ. ಸೆನ್ಸರ್ ಸುತ್ತಿನ ರಬ್ಬರ್ ಗಟ್ಟಿ ಆಗೈತೇನು, ಉಗುರು ಒತ್ತಿ ನೋಡ್ರಿ.

ಯಲಹಂಕದವಳು:
ಸರ್, ರಬ್ಬರ್ ಉಗುರು ಒತ್ತಿದ್ರೆ ಒಳಗೆ ಹೋಗ್ಲೇ ಇಲ್ಲ, ಬಗ್ಗಿಸಿದ್ರೆ ಒಂದು ಕಡೆ ಸೀಳು. ಅದೇ ಅಳತೆಯ ರಬ್ಬರು, ಕನೆಕ್ಟರ್ ಎರಡೂ ಹೊಸದು ಹಾಕಿದ್ವಿ, 300 ರೂಪಾಯಿ ಒಳಗೇ ಆಯ್ತು. ಬೋರ್ಡ್ ಕಡೆ ಈಗ 9.5. ನಿನ್ನೆ ರಾತ್ರಿ ಸಾಂಬಾರ್ ಪಾತ್ರೆ ಸಮೇತ 70 ಡಿಗ್ರಿಗೆ ಹಾಕಿದ್ವಿ, ಎರಡು ಗಂಟೆ ಹದಿನಾರು ನಿಮಿಷ ತಗೊಳ್ತು, ಬಾಗಿಲು ತೆಗೆದಾಗ ಕನ್ನಡಕ ಪೂರ್ತಿ ಮಂಜಾಯ್ತು. ಕೆಳಗೆ ಹಳೇ ಪೇಪರ್ ಹಾಸಿಟ್ಟಿದ್ದೆ, ಬೆಳಿಗ್ಗೆ ನೋಡಿದ್ರೆ ಒಣಗೇ ಇದೆ. ತುಂಬಾ ತುಂಬಾ ಥ್ಯಾಂಕ್ಸ್ ಸರ್.